ಹಾಡಿದವರು ಹೇಳಿದ ಬದುಕು: ಗಂಗೂಬಾಯಿ ಹಾನಗಲ್ ಅವರ ನೆನಪುಗಳನ್ನು ಓದುವ ಬಗೆ

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಆತ್ಮಕಥೆಯೆಂಬ ಪ್ರಕಾರವನ್ನು ಅಭ್ಯಸಿಸುವಾಗ ಸಾಮಾನ್ಯವಾಗಿ ಲೇಖಕರ ಆತ್ಮಕಥೆಗಳನ್ನೇ ಮುಂದಿಟ್ಟುಕೊಳ್ಳುವುದು ರೂಢಿ. ಶಿವರಾಮ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’, ಮಾಸ್ತಿಯವರ ‘ಭಾವ’, ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ ಇವೆಲ್ಲ ಬರೆವಣಿಗೆಯನ್ನೇ ಬಾಳಿನ ಕಾಯಕವಾಗಿಸಿಕೊಂಡವರ ಕೃತಿಗಳು. ಯಾವ ಘಟನೆಯನ್ನು ಎಲ್ಲಿ ಇಡಬೇಕು, ಎಷ್ಟು ಹೇಳಿ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಬಲ್ಲ ಕೈಗಳು ಅವನ್ನು ಬರೆದಿವೆ. ಬದುಕಿನುದ್ದಕ್ಕೂ ಲೇಖನಿಯನ್ನು ನೆಚ್ಚದೆ ಕಂಠವನ್ನು ನೆಚ್ಚಿದವರು ತಮ್ಮ ನೆನಪುಗಳನ್ನು ಇನ್ನೊಬ್ಬರ ಮುಂದೆ ಹೇಳಿ ಬರೆಸಿದಾಗ ಹುಟ್ಟುವ ಪುಸ್ತಕದ ಬಗೆಯೇ ಬೇರೆ. ಕನ್ನಡದಲ್ಲಿ ಇದಕ್ಕೆ ‘ನಿರೂಪಿತ ಆತ್ಮಕಥೆ’ ಎನ್ನಬಹುದು. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರು ಹೇಳಿ, ಎನ್.ಕೆ. ಕುಲಕರ್ಣಿಯವರು ಬರೆದುಕೊಂಡ ‘ನನ್ನ ಬದುಕಿನ ಹಾಡು’ ಈ ಬಗೆಯ ಒಂದು ಮುಖ್ಯ ಕೃತಿ.

ಸೇಲಂ ಮತ್ತು ಧರ್ಮಪುರಿ ಸೀಮೆಯ ಕನ್ನಡ ವಿದ್ಯಾರ್ಥಿಗೆ ಈ ಪ್ರಕಾರ ದೂರದ್ದಲ್ಲ. ಧರ್ಮಪುರಿಯಲ್ಲಿ ಒಂಬತ್ತನೆಯ ಶತಮಾನದ ನೊಳಂಬರ ಕನ್ನಡ ಶಾಸನಗಳಿವೆ. 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಬಾರಾಮಹಲ್ ಪ್ರದೇಶ ಮೈಸೂರಿನ ಆಳ್ವಿಕೆಯಲ್ಲಿತ್ತು. 1965ರಲ್ಲಿ ಸೇಲಂನಿಂದ ಧರ್ಮಪುರಿ ಜಿಲ್ಲೆಯೂ, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಜಿಲ್ಲೆಯೂ ಬೇರ್ಪಟ್ಟವು. ಆಡಳಿತದ ಗೆರೆಗಳು ಎಷ್ಟು ಬದಲಾದರೂ ಸೇಲಂನ ದೇವಾಂಗ ನೇಕಾರರ ಮನೆಗಳಲ್ಲಿ, ಪೆನ್ನಾಗರ, ಹೊಸೂರು, ಡೆಂಕಣಿಕೋಟೆ, ತಳಿಗಳ ಹಳ್ಳಿಗಳಲ್ಲಿ ಕನ್ನಡ ಮಾತಾಗಿ ಉಳಿದುಬಂದಿದೆ. ಆದರೆ ಅದು ಬಹುಮಟ್ಟಿಗೆ ಬಾಯಿಯ ಕನ್ನಡ. ಅಜ್ಜಿ ಕನ್ನಡದಲ್ಲಿ ಬದುಕಿದ್ದಾಳೆ, ಆಕೆಗೆ ಕನ್ನಡದ ಅಕ್ಷರ ಬಾರದು; ಮೊಮ್ಮಗ ತಮಿಳಿನಲ್ಲಿ ಓದಿ ಕಾಲೇಜಿಗೆ ಬಂದು ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡಿದ್ದಾನೆ. ಆ ಅಜ್ಜಿಯ ಬದುಕು ಪುಸ್ತಕವಾಗಬೇಕಾದರೆ ಅದು ಹೇಳಿ ಬರೆಸಿದ ಪುಸ್ತಕವೇ ಆಗಬೇಕು. ಆದ್ದರಿಂದ ಇಂತಹ ಕೃತಿಗಳನ್ನು ಓದುವ ಬಗೆಯನ್ನು ತಿಳಿದುಕೊಳ್ಳುವುದು ಇಲ್ಲಿ ಪರೀಕ್ಷೆಯ ಅಗತ್ಯವನ್ನೂ ಮೀರಿದ ಸಂಗತಿ.

ಸಂಗೀತಗಾರರು ತಮ್ಮ ಬದುಕನ್ನು ಹೇಳಿ ಬರೆಸುವುದು ಎಲ್ಲ ದೇಶಗಳಲ್ಲಿಯೂ ಉಂಟು. ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ರಾಕ್ ತಂಡದ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಅವರ ‘ಲೈಫ್’ ಎಂಬ ಆತ್ಮಕಥೆ 2010ರಲ್ಲಿ ಹೊರಬಂದಾಗ ಅದರ ಹಿಂದೆ ಜೇಮ್ಸ್ ಫಾಕ್ಸ್ ಎಂಬ ಪತ್ರಕರ್ತರ ಕೈಯಿತ್ತು. ತಂಡಕ್ಕೆ ಲೋಕಖ್ಯಾತಿ ತಂದ 1965ರ ‘ಸ್ಯಾಟಿಸ್ಫ್ಯಾಕ್ಷನ್’ ಹಾಡಿನ ಹುಟ್ಟಿನ ಬಗ್ಗೆ ರಿಚರ್ಡ್ಸ್ ಹೇಳುವ ಕಥೆ ಸ್ವಾರಸ್ಯವಾದುದು. ರಾತ್ರಿ ಮಂಚದ ಪಕ್ಕದಲ್ಲಿ ಕ್ಯಾಸೆಟ್ ಯಂತ್ರವಿತ್ತು. ಬೆಳಗ್ಗೆ ಎದ್ದು ನೋಡಿದರೆ ಟೇಪು ಕೊನೆಯವರೆಗೆ ಓಡಿ ನಿಂತಿದೆ. ಹಿಂದಕ್ಕೆ ತಿರುಗಿಸಿ ಕೇಳಿದಾಗ ಮೊದಲು ಗಿಟಾರಿನ ಆ ಪ್ರಸಿದ್ಧ ಸ್ವರಗುಚ್ಛ, ಅನಂತರ ಉದ್ದಕ್ಕೂ ಅವರದೇ ಗೊರಕೆ! ತಾನು ನುಡಿಸಿದ್ದು ನುಡಿಸಿದವನಿಗೇ ನೆನಪಿಲ್ಲ, ನೆನಪಿಟ್ಟುಕೊಂಡದ್ದು ಯಂತ್ರ. ಸಂಗೀತಗಾರನ ಆತ್ಮಕಥೆಗೆ ಲೇಖಕನ ಆತ್ಮಕಥೆಗಿಲ್ಲದ ಒಬ್ಬ ಸಾಕ್ಷಿದಾರನಿದ್ದಾನೆ ಎಂಬುದು ಈ ಕಥೆಯಿಂದ ಸ್ಪಷ್ಟವಾಗುತ್ತದೆ. ಆ ಸಾಕ್ಷಿದಾರನೇ ಧ್ವನಿಮುದ್ರಿಕೆ. ಗಂಗೂಬಾಯಿಯವರ ವಿಷಯದಲ್ಲಿ ಈ ಸಾಕ್ಷಿ ಹೇಳುವ ಮಾತು ಇನ್ನೂ ಗಂಭೀರವಾದುದು. ಅದನ್ನು ಮುಂದೆ ನೋಡಬಹುದು.

ಗಂಗೂಬಾಯಿಯವರು 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಚಿಕ್ಕೂರಾವ್ ನಾಡಿಗೇರ, ತಾಯಿ ಅಂಬಾಬಾಯಿ. ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಶಾಲೆಯ ಓದು ಪ್ರಾಥಮಿಕ ಹಂತಕ್ಕೇ ನಿಂತಿತು. ಮನೆ ಇದ್ದದ್ದು ಬ್ರಾಹ್ಮಣರು ಹೆಚ್ಚಾಗಿ ವಾಸಿಸುತ್ತಿದ್ದ ಶುಕ್ರವಾರಪೇಟೆಯಲ್ಲಿ. ಹಾಡುವ ಹೆಂಗಸರ ಮನೆತನವೆಂಬ ಕಾರಣಕ್ಕೆ ನೆರೆಹೊರೆಯವರು ಕಾಯ್ದುಕೊಂಡ ಅಂತರವನ್ನು ಗಂಗೂಬಾಯಿಯವರು ಮುಂದೆ ಮತ್ತೆ ಮತ್ತೆ ನೆನೆದಿದ್ದಾರೆ. ಬಾಲ್ಯದಲ್ಲಿ ನೆರೆಮನೆಯ ತೋಟದ ಮಾವಿನಹಣ್ಣು ಕದ್ದು ಬೈಸಿಕೊಂಡದ್ದು ಅಂತಹ ಒಂದು ನೆನಪು. ಮಕ್ಕಳು ಮಾವು ಕದಿಯುವುದು ಯಾವ ಊರಿನಲ್ಲಿಯೂ ದೊಡ್ಡ ಅಪರಾಧವಲ್ಲ. ಆ ಮನೆಯವರನ್ನು ಕೆರಳಿಸಿದ್ದು ಕದ್ದ ಹಣ್ಣಲ್ಲ, ಹಾಡುವವಳ ಮಗಳು ತಮ್ಮ ತೋಟದೊಳಕ್ಕೆ ಕಾಲಿಟ್ಟದ್ದು. ಹೆಸರು ಬಂದ ಮೇಲೆ ಅದೇ ಜನ ಗಂಗೂಬಾಯಿಯವರನ್ನು ಮನೆಗೆ ಕರೆದು ಆದರಿಸಿದರು.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಹನ್ನೊಂದರ ಹುಡುಗಿಯಾಗಿದ್ದ ಅವರು ಸ್ವಾಗತಗೀತೆ ಹಾಡಿದರು. ಚರಿತ್ರೆಯ ಪುಸ್ತಕ ಬರೆಯುವವರು ಈ ಸಂಗತಿಯನ್ನು ಗೌರವದ ಘಟನೆಯಾಗಿ ದಾಖಲಿಸಿ ಮುಂದೆ ಹೋಗುತ್ತಾರೆ. ಹಾಡಿದವರ ನೆನಪಿನಲ್ಲಿ ಮಾತ್ರ ಅದರ ಜೊತೆಗೆ ಅಂಟಿಕೊಂಡಿದ್ದುದು ಒಂದು ಅಂಜಿಕೆ: ಊಟವಾದ ಮೇಲೆ ಎಂಜಲೆಲೆ ತೆಗೆಯಲು ತನಗೆ ಹೇಳಿಬಿಟ್ಟರೆ? ರಾಷ್ಟ್ರನಾಯಕರ ಮುಂದೆ ಹಾಡುತ್ತಿರುವ ಮಗುವಿನ ಮನಸ್ಸಿನೊಳಗೆ ಎಂಜಲೆಲೆಯ ಭಯ ಇತ್ತೆಂಬುದನ್ನು ಯಾವ ಅಧಿವೇಶನದ ವರದಿಯೂ ಬರೆಯುವುದಿಲ್ಲ. ಹೇಳುವವರ ಬಾಯಿಂದ ಅದು ಬರುವುದು ಹೆಚ್ಚಿನ ಒತ್ತಿಲ್ಲದೆ, ಊಟದ ಮಾತಿನ ನಡುವೆ ಬಂದ ಇನ್ನೊಂದು ಮಾತಿನಂತೆ. ನಿರೂಪಿತ ಆತ್ಮಕಥೆಯ ಬಲ ಇಂತಹ ಕಡೆಗಳಲ್ಲಿದೆ. ನುರಿತ ಲೇಖಕನಾದರೆ ಈ ಎರಡು ಚಿತ್ರಗಳ ವಿರೋಧವನ್ನು ಎದ್ದು ಕಾಣುವಂತೆ ಜೋಡಿಸಿ ವ್ಯಂಗ್ಯವನ್ನು ಹೊಮ್ಮಿಸುತ್ತಿದ್ದ. ಹೇಳುವವರಿಗೆ ಆ ಜೋಡಣೆ ಬೇಕಿಲ್ಲ. ಅವರಿಗೆ ಅದು ನಡೆದ ಸಂಗತಿ.

ತಾಯಿಯ ಪ್ರಸಂಗಕ್ಕೆ ಹೆಚ್ಚು ಗಮನ ಕೊಡಬೇಕು. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು ಧಾರವಾಡಕ್ಕೆ ಬಂದಾಗ ಅಂಬಾಬಾಯಿಯವರ ಹಾಡಿಕೆಯನ್ನು ಕೇಳುತ್ತಿದ್ದರು; ಕೇಳಿ, ತಂಜಾವೂರಿನಲ್ಲಿ ಕುಳಿತಂತಾಗುತ್ತದೆ ಎಂದು ಮೆಚ್ಚಿದ್ದನ್ನು ಮಗಳು ನೆನಪಿಸಿಕೊಂಡಿದ್ದಾರೆ. ಖಾನರಿಗೆ ದಕ್ಷಿಣದ ಸಂಗೀತದಲ್ಲಿ ಒಲವಿತ್ತು. ಮೈಸೂರು ಆಸ್ಥಾನದಲ್ಲಿ ಹಾಡಿದವರು, ತ್ಯಾಗರಾಜರ ಕೃತಿಯೊಂದನ್ನು ಧ್ವನಿಮುದ್ರಿಕೆಗೆ ಹಾಡಿಕೊಟ್ಟವರು. 1937ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡದ್ದೂ ತಮಿಳುನಾಡಿನಲ್ಲಿಯೇ, ಮದರಾಸಿನಿಂದ ಪಾಂಡಿಚೇರಿಗೆ ಹೋಗುವ ದಾರಿಯ ಸಿಂಗಪೆರುಮಾಳ್ ಕೋಯಿಲ್ ರೈಲುನಿಲ್ದಾಣದಲ್ಲಿ. ಇಂತಹವರ ಮೆಚ್ಚಿಕೆ ಪಡೆದ ಅಂಬಾಬಾಯಿಯವರ ಮಗಳು ಒಲಿದದ್ದು ಹಿಂದೂಸ್ತಾನಿ ಸಂಗೀತಕ್ಕೆ. ಬೀದಿಯ ಅಂಗಡಿಯ ಗ್ರಾಮೋಫೋನಿನಿಂದ ಜೋಹ್ರಾಬಾಯಿಯ ಹಾಡು ಕೇಳಿಬಂದರೆ ಬಾಲಕಿ ಮನೆಯಿಂದ ಓಡಿಹೋಗಿ ನಿಲ್ಲುತ್ತಿದ್ದಳಂತೆ. 1928ರಲ್ಲಿ ಮಗಳ ಕಲಿಕೆಗಾಗಿ ಕುಟುಂಬ ಹುಬ್ಬಳ್ಳಿಗೆ ಬಂದು ನೆಲೆಸಿತು. ತನ್ನ ಹಾಡಿಕೆಯ ಛಾಯೆ ಮಗಳ ಕಲಿಕೆಗೆ ಅಡ್ಡಿಯಾಗಬಾರದೆಂದು ತಾಯಿ ತನ್ನ ಕರ್ನಾಟಕ ಸಂಗೀತವನ್ನೇ ಹಾಡುವುದನ್ನು ಬಿಟ್ಟರು. 1932ರಲ್ಲಿ ಅಂಬಾಬಾಯಿ ತೀರಿಕೊಂಡರು.

ಅಂಬಾಬಾಯಿಯವರು ತಮ್ಮ ಬಗ್ಗೆ ಏನನ್ನೂ ಹೇಳಿ ಬರೆಸಿದವರಲ್ಲ. ಅವರು ಹೇಗೆ ಹಾಡುತ್ತಿದ್ದರೆಂಬುದು ಮಗಳ ನೆನಪಿನಿಂದಲೇ ತಿಳಿಯಬೇಕು. ಮಗಳ ಆತ್ಮಕಥೆಯೊಳಗೆ ತಾಯಿಯ ಆತ್ಮಕಥೆಯ ಕೆಲವೇ ಪುಟಗಳು ಬದುಕಿಕೊಂಡಿವೆ ಎಂದರೆ ತಪ್ಪಾಗದು. ಮನೆಯಲ್ಲಿ ಎರಡು ಸಂಗೀತಗಳು ಇದ್ದು ಒಂದಕ್ಕಾಗಿ ಇನ್ನೊಂದು ಮೌನ ತಾಳಿದ ಈ ಪ್ರಸಂಗ, ಮನೆಯಲ್ಲಿ ಎರಡು ಭಾಷೆಗಳಿರುವ ಓದುಗರನ್ನು ಬೇರೆಯೇ ರೀತಿಯಲ್ಲಿ ತಟ್ಟಬಲ್ಲದು.

ಗುರು ಸವಾಯಿ ಗಂಧರ್ವರ ಬಗ್ಗೆ ಒಂದೆರಡು ಮಾತು. ಅವರ ನಿಜನಾಮ ರಾಮಭಾವು, ಊರು ಕುಂದಗೋಳ. ಕನ್ನಡ ನಾಡಿನವರಾದರೂ ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಂದ ಕೀರ್ತಿ ಗಳಿಸಿದರು. ಮರಾಠಿಯಲ್ಲಿ ‘ಸವಾ’ ಎಂದರೆ ಒಂದೂಕಾಲು. ಗಂಧರ್ವನಿಗಿಂತ ಕಾಲುಭಾಗ ಮಿಗಿಲಾದವನು ಎಂಬುದು ಬಿರುದಿನ ಅರ್ಥ; ಅದೇ ಕಾಲದಲ್ಲಿ ಮರಾಠಿ ರಂಗಭೂಮಿಯನ್ನು ಆಳುತ್ತಿದ್ದ ಬಾಲಗಂಧರ್ವರ ಹೆಸರು ಈ ಬಿರುದಿನ ಹಿನ್ನೆಲೆಯಲ್ಲಿದೆ. ನಾಟಕ ಕಂಪನಿಯೊಡನೆ ಊರೂರು ಸುತ್ತುತ್ತಿದ್ದುದರಿಂದ ಗಂಗೂಬಾಯಿಯವರಿಗೆ ಅವರಿಂದ ಕ್ರಮಬದ್ಧ ಪಾಠ ದೊರೆತದ್ದು ತಡವಾಗಿ, ಗುರುಗಳು ಊರಿಗೆ ಮರಳಿದ ಮೇಲೆ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಸುಮಾರು 20 ಕಿಲೋಮೀಟರ್. ಸಂಜೆಯ ರೈಲಿಗೆ ಹೋಗಿ, ಪಾಠ ಮುಗಿಸಿ ರಾತ್ರಿ ಮರಳುವುದು. ಅಲ್ಲಿಯೇ ಗುರುಗೃಹದಲ್ಲಿದ್ದ ಹುಡುಗ ಭೀಮಸೇನ ಜೋಶಿ ನಿಲ್ದಾಣದವರೆಗೆ ಜೊತೆಗೆ ಬಂದು ಬೀಳ್ಕೊಡುವುದು. ಒಂದೇ ಸ್ವರಸಮೂಹವನ್ನು ಬಹುಕಾಲ ತಿದ್ದಿಸುವುದು ಗುರುಗಳ ಕ್ರಮ. ಜಿಪುಣನು ಹಣ ಖರ್ಚು ಮಾಡುವಂತೆ ಸ್ವರಗಳನ್ನು ಅಳೆದು ಬಳಸಬೇಕೆಂದು ಅವರು ಕಲಿಸಿದರೆಂದು ಶಿಷ್ಯೆ ಹೇಳುತ್ತಿದ್ದರು. ಗಂಗೂಬಾಯಿಯವರ ನೆನಪುಗಳ ಗದ್ಯಕ್ಕೂ ಈ ಜಿಪುಣತನ ಇಳಿದಿದೆಯೆನ್ನಿಸುತ್ತದೆ. ಸಂಗಾತಿ ಗುರುರಾವ್ ಕೌಲಗಿ ವಕೀಲರು. ಅವರು ಕೈಹಾಕಿದ ವ್ಯಾಪಾರಗಳು ಕೈಹಿಡಿಯಲಿಲ್ಲ. ಮನೆಯ ಹೊಣೆ ಬಹುಮಟ್ಟಿಗೆ ಗಾಯಕಿಯ ಕಛೇರಿಗಳ ಮೇಲೆ ಬಿತ್ತು. ಇದನ್ನು ಹೇಳುವಾಗ ದೂರಿನ ದನಿ ಏರುವುದಿಲ್ಲ. ಓದುಗನು ಇಲ್ಲಿ ತಾನೇ ನಿಂತು ಯೋಚಿಸಬೇಕು: ಈ ಸಂಯಮ ಹೇಳಿದವರ ಸ್ವಭಾವವೋ, ಬರೆದುಕೊಂಡವರ ಸೌಜನ್ಯವೋ, ಅಥವಾ ಆ ಕಾಲದ ಹೆಂಗಸು ಹೊರಗಿನವರ ಮುಂದೆ ಹೇಳಬಹುದಾದ ಮಿತಿಯೋ? ಬರೆದುಕೊಂಡ ಎನ್.ಕೆ. ಕುಲಕರ್ಣಿಯವರು ಸ್ವತಃ ಕಾದಂಬರಿಕಾರರು, ಧಾರವಾಡ ಆಕಾಶವಾಣಿಯಲ್ಲಿ ಕೆಲಸ ಮಾಡಿದವರು ಎಂಬುದನ್ನೂ ಮರೆಯುವಂತಿಲ್ಲ. ಮಾತನ್ನು ಕೇಳಿಸಿಕೊಳ್ಳುವುದು ಅವರಿಗೆ ವೃತ್ತಿ, ಕಥೆಯಾಗಿ ಕಟ್ಟುವುದು ಪ್ರವೃತ್ತಿ.

ಧಾರವಾಡದ ಇನ್ನೊಬ್ಬ ಹಿರಿಯ ಗಾಯಕ ಮಲ್ಲಿಕಾರ್ಜುನ ಮನ್ಸೂರರ ‘ನನ್ನ ರಸಯಾತ್ರೆ’ಯೊಡನೆ ಹೋಲಿಸಿದರೆ ಒಂದು ವ್ಯತ್ಯಾಸ ತೋರುತ್ತದೆ. ಮನ್ಸೂರರು ಮಿರಜದ ನೀಲಕಂಠಬುವಾ ಆಲೂರಮಠರು, ಬಳಿಕ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನರ ಬಳಿ ಕಲಿತವರು. ಅವರಿಗೂ ಗುರು ದೊಡ್ಡವನೇ. ಆದರೆ ಯಾತ್ರೆಯ ಹಾದಿಯಲ್ಲಿ ಅವರು ಮನೆಯಿಂದ ಹೊರಬಿದ್ದ ಗಂಡುಮಗ. ಗಂಗೂಬಾಯಿಯವರ ಕಥೆಯಲ್ಲಿ ರಾತ್ರಿಯ ರೈಲು ಮರಳಿ ಮನೆಗೇ ಬರಬೇಕು, ಅಲ್ಲಿ ಮಕ್ಕಳು ಕಾಯುತ್ತಿದ್ದಾರೆ.

ಈಗ ಧ್ವನಿಮುದ್ರಿಕೆಯ ಸಾಕ್ಷಿಯ ವಿಷಯ. 1930ರ ದಶಕದಲ್ಲಿ ಎಚ್.ಎಂ.ವಿ. ಹೊರತಂದ ಅವರ ಮೊದಮೊದಲ ಮುದ್ರಿಕೆಗಳಲ್ಲಿ ಹೆಸರು ‘ಗಾಂಧಾರಿ’ ಎಂದಿದೆ. ಮನೆಯವರಿಟ್ಟ ಹೆಸರು ಅದು. ಜಿ.ಎನ್. ಜೋಶಿಯವರೊಡನೆ ಹಾಡಿದ ಮರಾಠಿ ಭಾವಗೀತೆಗಳೂ ಅವುಗಳಲ್ಲಿ ಸೇರಿವೆ. ಆ ಧ್ವನಿ ತೆಳ್ಳಗಿನದು, ಮೇಲಿನ ಸ್ಥಾಯಿಗಳಲ್ಲಿ ಸಲೀಸಾಗಿ ಓಡಾಡುವಂತಹುದು. ಅನಂತರ ಗಂಟಲಿನ ಟಾನ್ಸಿಲ್ ತೊಂದರೆಗೆ ಚಿಕಿತ್ಸೆಯಾಯಿತು, ಧ್ವನಿ ಬದಲಾಯಿತು. ಇಂದು ಜನ ಗಂಗೂಬಾಯಿಯವರದೆಂದು ಗುರುತಿಸುವ ಆ ಗಂಭೀರವಾದ, ಗಂಡುದನಿಯಂತಹ ಕಂಠ ಚಿಕಿತ್ಸೆಯ ನಂತರದ್ದು. ಹೆಣ್ಣು ಗಾಯಕಿಗೆ ಕಂಠವೇ ಬಂಡವಾಳವಾಗಿದ್ದ ಕಾಲದಲ್ಲಿ ಇದು ಬದುಕಿನ ದಾರಿಯನ್ನೇ ಮುಚ್ಚಬಹುದಾಗಿದ್ದ ಪೆಟ್ಟು. ಅವರು ಹೊಸ ಕಂಠಕ್ಕೆ ತಕ್ಕಂತೆ ಹಾಡಿಕೆಯನ್ನು ಕಟ್ಟಿಕೊಂಡರು: ನಿಧಾನವಾದ ಬಢತ್, ಸ್ವರದಿಂದ ಸ್ವರಕ್ಕೆ ಹೊಣೆಯರಿತ ನಡೆ. ಮೇಲಿನ ಸ್ಥಾಯಿಗೆ ಮಗಳು ಕೃಷ್ಣಾ ದಶಕಗಳ ಕಾಲ ಹಿಂದೆ ಕುಳಿತು ದನಿಗೂಡಿಸಿದರು.

ಪುಸ್ತಕದಲ್ಲಿ ಧ್ವನಿ ಬದಲಾದ ಸಂಗತಿ ಕೆಲವು ವಾಕ್ಯಗಳ ಮಾತು. ಹಳೆಯ ಮುದ್ರಿಕೆಯನ್ನೂ ಮುಂದಿನ ದಶಕಗಳ ಮುದ್ರಿಕೆಯನ್ನೂ ಒಂದರ ಹಿಂದೆ ಒಂದು ಕೇಳಿದಾಗ ಮಾತ್ರ ಆ ವಾಕ್ಯಗಳ ತೂಕ ತಿಳಿಯುತ್ತದೆ. ಗಾಂಧಾರಿ ಬೇರೆ, ಗಂಗೂಬಾಯಿ ಬೇರೆ ಎನ್ನುವಷ್ಟು ದೂರ ಅವುಗಳ ನಡುವೆ ಇದೆ. ಲೇಖಕರ ಆತ್ಮಕಥೆಯನ್ನು ಓದಲು ಕಣ್ಣು ಸಾಕು. ಇದಕ್ಕೆ ಕಿವಿಯೂ ಬೇಕು.

ಹೆಸರಿನ ವಿಚಾರವೂ ವಿವರಣೆ ಬೇಡುವಂತಹುದು. ‘ಹಾನಗಲ್’ ಎಂಬುದು ಮನೆತನದ ಮೂಲ ಊರು. ತಮಿಳುನಾಡಿನಲ್ಲಿ ಸಂಗೀತಗಾರರ ಊರು ಹೆಸರಿನ ಮುಂದೆ ಬರುತ್ತದೆ. ಮಧುರೈ, ಸೇಲಂ, ಕಾರೈಕ್ಕುಡಿಗಳು ಹೀಗೆ ಎಷ್ಟೋ ಹೆಸರುಗಳಿಗೆ ತಲೆಯಾಗಿವೆ. ಧಾರವಾಡದ ಕಡೆ ಊರು ಹೆಸರಿನ ಹಿಂದೆ ನಿಲ್ಲುತ್ತದೆ. ಎಂ.ಎಸ್. ಸುಬ್ಬುಲಕ್ಷ್ಮಿಯವರ ಮೊದಲಕ್ಷರಗಳಲ್ಲಿ ಮಧುರೈ ಎಂಬ ಊರೂ ಷಣ್ಮುಖವಡಿವು ಎಂಬ ತಾಯಿಯ ಹೆಸರೂ ಇವೆ. ಆ ತಾಯಿಯೂ ವೀಣೆ ನುಡಿಸುತ್ತಿದ್ದ ಕಲಾವಿದೆ. 1913ರಲ್ಲಿ ಮತ್ತು 1916ರಲ್ಲಿ, ಮೂರೇ ವರ್ಷಗಳ ಅಂತರದಲ್ಲಿ, ಎರಡು ಭಾಷೆಗಳ ನಾಡಿನಲ್ಲಿ ಹುಟ್ಟಿದ ಈ ಇಬ್ಬರೂ ಸಂಗೀತವನ್ನು ಪಡೆದದ್ದು ತಾಯಿಯ ಮನೆಯಿಂದ.

‘ಬಾಯಿ’ ಎಂಬ ಕೊನೆಯ ಪದವಂತೂ ಭಾಷಾಶಾಸ್ತ್ರದ ವಿದ್ಯಾರ್ಥಿಗೆ ಒಂದು ಪಾಠವೇ ಸರಿ. ಮರಾಠಿಯಲ್ಲಿ ‘ಬಾಈ’ ಗೌರವಸೂಚಕ. ಶಾಲೆಯ ಶಿಕ್ಷಕಿಯನ್ನು ಮಕ್ಕಳು ಹಾಗೆಯೇ ಕರೆಯುತ್ತಾರೆ. ಧಾರವಾಡ, ಬೆಳಗಾವಿಗಳ ಕನ್ನಡದಲ್ಲಿ ಜಾತಿಭೇದವಿಲ್ಲದೆ ಹೆಂಗಸರ ಹೆಸರಿಗೆ ‘ಬಾಯಿ’ ಸೇರುತ್ತದೆ. ಅದೇ ಪದ ಉತ್ತರದ ಸಂಗೀತಲೋಕದಲ್ಲಿ ‘ಬಾಯೀಜಿ’ಯಾಗಿ, ಮೆಹಫಿಲಿನಲ್ಲಿ ಹಾಡುವ ವೃತ್ತಿಯ ಹೆಂಗಸನ್ನು ಸೂಚಿಸುತ್ತದೆ, ಅಲ್ಲಿ ಗೌರವದ ಹಿಂದೆಯೇ ಕಳಂಕದ ನೆರಳಿದೆ. ಗಂಡಸು ಹಾಡಿದರೆ ಹಿಂದುವಾದರೆ ಪಂಡಿತ, ಮುಸಲ್ಮಾನನಾದರೆ ಉಸ್ತಾದ. ಕೇಸರಬಾಯಿ, ಮೋಗೂಬಾಯಿಯಂತಹ ಮಹಾನ್ ಗಾಯಕಿಯರು ಮಾತ್ರ ಬಾಯಿಯಾಗಿಯೇ ಉಳಿದರು ಎಂದು ಗಂಗೂಬಾಯಿಯವರು ಆಕ್ಷೇಪಿಸಿದ್ದುಂಟು. ಅವರಿಗೆ 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಸಂದವು. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಅಲ್ಲಿಯೂ ಅವರು ಗಂಗೂಬಾಯಿಯೇ. ಅವರ ಆಕ್ಷೇಪಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲವೆಂದು ಹೇಳಬಹುದು; ಆ ಪದವೇ ಅವರಿಂದಾಗಿ ಮೇಲೇರಿತೆಂದೂ ಹೇಳಬಹುದು. ಎರಡನೆಯದು ಕೇಳಲು ಹಿತ, ಮೊದಲನೆಯದು ಹೆಚ್ಚು ಪ್ರಾಮಾಣಿಕ.

2006ರಲ್ಲಿ, ತೊಂಬತ್ತಮೂರನೆಯ ವಯಸ್ಸಿನಲ್ಲಿ, ಅವರು ಕೊನೆಯ ಕಛೇರಿ ಮಾಡಿದರು. ಅದಕ್ಕೆ ಎರಡು ವರ್ಷ ಮೊದಲೇ ಮಗಳು ಕೃಷ್ಣಾ ತೀರಿಕೊಂಡಿದ್ದರು. 2009ರ ಜುಲೈ 21ರಂದು ಗಂಗೂಬಾಯಿಯವರು ಹುಬ್ಬಳ್ಳಿಯಲ್ಲಿ ನಿಧನರಾದರು.

ಈ ಓದಿನಿಂದ ಸೇಲಂ, ಧರ್ಮಪುರಿಗಳ ವಿದ್ಯಾರ್ಥಿ ತನ್ನ ಮನೆಯ ಕಡೆಗೆ ತಿರುಗುವುದಾದರೆ ಕೆಲವು ಎಚ್ಚರಗಳು ಅವಶ್ಯ. ಮಗ್ಗದ ಮುಂದೆ ಕುಳಿತ ಹಿರಿಯರು ಕನ್ನಡ ವಾಕ್ಯದ ನಡುವೆ ‘ಹಾಸು’ ಎನ್ನದೆ ತಮಿಳಿನ ‘ಪಾವು’ ಎಂದರೆ ‘ಪಾವು’ ಎಂದೇ ಬರೆದುಕೊಳ್ಳಬೇಕು. ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಿದೊಡನೆ ಆ ಮನುಷ್ಯ ಎಲ್ಲಿ ಬದುಕಿದ ಎಂಬ ಸಾಕ್ಷ್ಯ ಅಳಿಸಿಹೋಗುತ್ತದೆ. ಅವರು ಮಾತು ನಿಲ್ಲಿಸಿದ ಕಡೆ ತನ್ನ ಮಾತು ತುಂಬಬಾರದು. ಕಾಲಕ್ರಮಕ್ಕೆ ಜೋಡಿಸುವ ಆತುರವೂ ಬೇಡ, ಏಕೆಂದರೆ ನೆನಪು ಒಂದು ಹಣ್ಣಿನಿಂದ, ಒಂದು ಎಲೆಯಿಂದ ಆರಂಭವಾಗಿ ತನಗೆ ಬೇಕಾದ ಕಡೆಗೆ ಹೋಗುತ್ತದೆ. ಕೇಳಿದವರು ಯಾರು, ಯಾವ ದಿನ, ಜೊತೆಯಲ್ಲಿ ಮತ್ತೆ ಯಾರಿದ್ದರು ಎಂಬುದನ್ನು ಮೊದಲ ಪುಟದಲ್ಲಿಯೇ ನಮೂದಿಸಬೇಕು. ಸೊಸೆಯ ಎದುರಿಗೆ ಅತ್ತೆ ಹೇಳುವ ಬದುಕು ಒಂದು, ಮೊಮ್ಮಗಳ ಎದುರಿಗೆ ಹೇಳುವುದು ಇನ್ನೊಂದು. ಇಂದು ಪ್ರತಿ ವಿದ್ಯಾರ್ಥಿಯ ಮೊಬೈಲ್ ಫೋನಿನಲ್ಲಿಯೂ ಧ್ವನಿಮುದ್ರಣದ ಸೌಲಭ್ಯವಿದೆ. ಹಿರಿಯರ ಒಪ್ಪಿಗೆ ಪಡೆದು ಮುದ್ರಿಸಿಕೊಂಡು, ಬರೆಹ ಮುಗಿದ ಮೇಲೆಯೂ ಆ ಮುದ್ರಿಕೆಯನ್ನು ಅಳಿಸದೆ ಬರೆಹದ ಜೊತೆಗೇ ಇಡುವುದು ಒಳ್ಳೆಯದು. ಅಂಬಾಬಾಯಿಯವರ ಹಾಡಿಕೆ ಹೇಗಿತ್ತೆಂದು ಕೇಳುವ ದಾರಿ ಇಂದು ಯಾರಿಗೂ ಇಲ್ಲ.